ರತ್ನಗಂಬಳಿಯ ಕ್ರಯವೂ ಶ್ರಾವಕಧರ್ಮವೂ

ಶ್ರಾವಕನು ಸಂಸಾರದಲ್ಲಿರುವವನು, ಕೊಡುಕೊಳ್ಳುವ ವ್ಯವಹಾರವಿಲ್ಲದೆ ಬಾಳಲಾರದವನು ಎಂಬುದನ್ನು ನಮ್ಮ ಪ್ರಾಚೀನ ಆಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಆದುದರಿಂದಲೇ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಕಳ್ಳತನದ ಮಾತಿಗೇ ನಿಲ್ಲದೆ, ತೂಕ ಅಳತೆ, ಬೆರಕೆಯ ಸರಕು, ರಾಜ್ಯದ ಕಟ್ಟಳೆ ಇವುಗಳವರೆಗೂ ಬಂದರು. ಈ ಅತಿಚಾರಗಳನ್ನು ನಮ್ಮ ಪ್ರವಚನಗಳಲ್ಲಿ ಸಾಮಾನ್ಯವಾಗಿ ಮಾರುವವನಿಗೆ ಅನ್ವಯಿಸಿ ವಿವರಿಸುತ್ತಾರೆ. ಅಂಗಡಿಯಲ್ಲಿ ಕುಳಿತವನಿಗೆ ಅದು ತಕ್ಕದ್ದೇ. ಆದರೆ ಅಂಗಡಿಯ ಮೆಟ್ಟಿಲೇರಿ ಬರುವ ಗಿರಾಕಿಯೂ ಶ್ರಾವಕನೇ ಆಗಿರುವಾಗ, ಕೊಳ್ಳುವವನ ಪಾಲಿನ ವ್ರತವೇನು ಎಂಬ ವಿಚಾರ ನಮ್ಮಲ್ಲಿ ವಿರಳವಾಗಿ ನಡೆಯುತ್ತದೆ. ಜಮಖಂಡಿಯ ಪೇಟೆಯಲ್ಲಿ ನಾಲ್ಕು ದಶಕ ವ್ಯಾಪಾರ ಮಾಡಿದ ಅನುಭವದ ಮೇಲೆ ಆ ವಿಚಾರವನ್ನು ಒಂದೇ ಒಂದು ವಸ್ತುವಿನ ನಿಮಿತ್ತವಾಗಿ ಇಲ್ಲಿ ಮಾಡಬೇಕೆಂದಿದ್ದೇನೆ. ಆ ವಸ್ತು ಕೈಯಿಂದ ನೇಯ್ದ ನೆಲಹಾಸು, ಅಂದರೆ ರತ್ನಗಂಬಳಿ ಮತ್ತು ಜಮಖಾನೆ.

ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಹೊಸ ಮನೆ ಕಟ್ಟಿಸಿದವರು ಪಡಸಾಲೆಗೆ ಗಾಲೀಚೆ ಹಾಸುವುದು ಈಗ ಸಾಮಾನ್ಯವಾಗಿದೆ. ಬಸದಿಗಳ ಪ್ರವಚನ ಮಂಟಪಗಳಲ್ಲಿಯೂ ಹಳೆಯ ಸತರಂಜಿಗಳು ಹೋಗಿ ಬಣ್ಣಬಣ್ಣದ ಹಾಸುಗಳು ಬರುತ್ತಿವೆ. ಇದರ ಜೊತೆಗೆ ಸಮ್ಮೇದಶಿಖರಜಿಯ ಯಾತ್ರೆಗೆ ಹೋಗುವ ನಮ್ಮವರಲ್ಲಿ ಅನೇಕರು ಪಾರ್ಶ್ವನಾಥ ತೀರ್ಥಂಕರರ ಜನ್ಮಕ್ಷೇತ್ರವಾದ ವಾರಾಣಸಿಯಲ್ಲಿ ಇಳಿಯುತ್ತಾರೆ. ಅಲ್ಲಿಂದ ಪ್ರಯಾಗದ ಕಡೆಗೆ ಹೋಗುವ ದಾರಿಯಲ್ಲಿಯೇ ಭದೋಹಿ ಇದೆ. ಗಂಗೆಯ ಆಚೆಗೆ ಮಿರ್ಜಾಪುರವಿದೆ. ಇವು ದೇಶದ ಗಾಲೀಚೆ ನೇಯ್ಗೆಯ ದೊಡ್ಡ ನೆಲೆಗಳು. ಯಾತ್ರೆಯಿಂದ ಬಂದವರ ಸಾಮಾನಿನಲ್ಲಿ ಗಂಗಾಜಲದ ಹಾಗೆಯೇ ಒಂದು ಸುತ್ತಿದ ಗಾಲೀಚೆಯೂ ಇರುವುದನ್ನು ನಾನು ಕಂಡಿದ್ದೇನೆ. ಹೀಗೆ ಧರ್ಮಯಾತ್ರೆಯ ನಡುವೆ ನಡೆದ ಕ್ರಯದಲ್ಲಿ ಧರ್ಮವೆಷ್ಟು ಉಳಿಯಿತೆಂಬುದು ಯೋಚಿಸತಕ್ಕ ಮಾತು.

ರತ್ನಗಂಬಳಿಯ ವಿದ್ಯೆ ಅತಿ ಪ್ರಾಚೀನವಾದುದು. ಸೈಬೀರಿಯದ ಪಾಜಿರಿಕ್ ಎಂಬಲ್ಲಿ ಹಿಮದಲ್ಲಿ ಹುದುಗಿದ್ದ ಒಂದು ಗೋರಿಯಿಂದ 1949ರಲ್ಲಿ ಹೊರತೆಗೆದ ಗಂಟುಹಾಕಿದ ಕಂಬಳಿ ಸುಮಾರು 2,400 ವರ್ಷ ಹಳೆಯದೆಂದು ವಿದ್ವಾಂಸರು ಎಣಿಸುತ್ತಾರೆ. ಮಹಾವೀರಸ್ವಾಮಿಗಳ ನಿರ್ವಾಣದಿಂದ ಬಹು ದೂರದ ಕಾಲವಲ್ಲ. ನಮ್ಮ ಭಾಗಕ್ಕೆ ಈ ವಿದ್ಯೆಯ ವೈಭವವನ್ನು ತೋರಿಸಿದವರು ವಿಜಾಪುರದ ಆದಿಲಶಾಹಿಗಳು. ಮಹಮ್ಮದ ಆದಿಲಶಹನ ಕಾಲದ ಆಸಾರ ಮಹಲಿನಲ್ಲಿದ್ದ ಹದಿನೇಳನೆಯ ಶತಮಾನದ ಗಾಲೀಚೆಗಳಲ್ಲಿ ಕೆಲವನ್ನು ಗೋಲಗುಂಬಜದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಜಮಖಂಡಿಯಿಂದ ಅರ್ಧ ದಿನದಲ್ಲಿ ಹೋಗಿ ನೋಡಿ ಬರಬಹುದು. ಅದೇ ವಿಜಾಪುರದಿಂದ ಯುದ್ಧಕಾಲದಲ್ಲಿ ಹೊರಟ ನೇಕಾರ ಕುಟುಂಬಗಳು ನರಗುಂದದ ಆಚೆಯ ನವಲಗುಂದದಲ್ಲಿ ನೆಲೆಸಿದವೆಂದು ಪರಂಪರೆ ಹೇಳುತ್ತದೆ. ನವಲಗುಂದದ ಜಮಖಾನೆ ಎಂದರೆ ನಮ್ಮ ಅಜ್ಜಂದಿರ ಕಾಲಕ್ಕೆ ಮದುವೆಯ ಮನೆಯ ಮರ್ಯಾದೆ. 1999ರ ಭೌಗೋಳಿಕ ಸೂಚಕಗಳ ಕಾಯಿದೆಯ ಪ್ರಕಾರ ಅದರ ಹೆಸರು ಇಂದು ನೋಂದಣಿಯಾಗಿದೆ. ನಮ್ಮ ಊರಿನ ಹೆಸರು ಜಂಬುಕೇಶ್ವರನಿಂದ ಬಂದುದೆನ್ನುತ್ತಾರಾದ್ದರಿಂದ ಜಮಖಂಡಿಗೂ ಜಮಖಾನೆಗೂ ಇರುವುದು ಅಕ್ಷರಗಳ ನೆಂಟಸ್ತನ ಮಾತ್ರ. ಆದರೂ ನೆಂಟಸ್ತನ ಇಟ್ಟುಕೊಳ್ಳತಕ್ಕ ವಸ್ತು ಅದೆಂದು ಮುಂದೆ ಹೇಳುವೆನು.

ಈಗ ಕ್ರಯದ ವಿಚಾರಕ್ಕೆ ಬರೋಣ. ಮೊದಲನೆಯದು ಪ್ರತಿರೂಪಕ ವ್ಯವಹಾರ. ಒಂದರ ರೂಪವನ್ನು ಇನ್ನೊಂದಕ್ಕೆ ಕೊಟ್ಟು ಮಾರುವುದು. ಆಚಾರ್ಯರ ಕಾಲದಲ್ಲಿ ಇದು ಬಂಗಾರಕ್ಕೆ ಹಿತ್ತಾಳೆ, ತುಪ್ಪಕ್ಕೆ ಎಣ್ಣೆಯಾಗಿತ್ತು. ಗಾಲೀಚೆಯ ಪೇಟೆಯಲ್ಲಿ ಇದಕ್ಕೆ ಮೂರು ಮುಖಗಳಿವೆ. ಕೈಯಿಂದ ಗಂಟುಹಾಕಿದ ಗಾಲೀಚೆಯಲ್ಲಿ ಹಾಸಿನ ನೂಲಿಗೆ ಒಂದೊಂದಾಗಿ ಬಣ್ಣದ ಎಳೆಯನ್ನು ಗಂಟಿಕ್ಕಿ, ಒಂದು ಸಾಲು ಮುಗಿದ ಮೇಲೆ ಹೊಕ್ಕಿನ ನೂಲನ್ನು ಹಾಯಿಸಿ ಪಂಜದಿಂದ ಬಡಿಯುತ್ತಾರೆ. ಯಂತ್ರದ ಗಾಲೀಚೆಯಲ್ಲಿ ಈ ಗಂಟು ಇರುವುದಿಲ್ಲ. ಇವೆರಡರ ನಡುವಿನದು ಮೂರನೆಯದು: ಕೈಯಲ್ಲಿ ಹಿಡಿದ ಪಿಸ್ತೂಲಿನಂಥ ಸಾಧನದಿಂದ ಎಳೆಯನ್ನು ಬಟ್ಟೆಯೊಳಕ್ಕೆ ಚುಚ್ಚಿ, ಹಿಂಬದಿಗೆ ರಬ್ಬರಿನ ಅಂಟು ಬಳಿದು, ಅದರ ಮೇಲೆ ಇನ್ನೊಂದು ಬಟ್ಟೆ ಹಚ್ಚಿ ಮುಚ್ಚಿದ್ದು. ಕೈಯಲ್ಲಿ ಹಿಡಿದು ಮಾಡಿದ್ದರಿಂದ ಇದನ್ನೂ “ಕೈಕೆಲಸ” ಎಂದೇ ಮಾರುತ್ತಾರೆ. ಅಕ್ಷರಶಃ ಅದು ಸುಳ್ಳಲ್ಲ. ಆದರೆ ಕೇಳುವವನು ಗಂಟಿನ ಗಾಲೀಚೆಯೆಂದೇ ತಿಳಿಯಲಿ ಎಂಬ ಉದ್ದೇಶದಿಂದ ಆಡಿದ ನಿಜವು ಸತ್ಯಾಣುವ್ರತವನ್ನು ಕಾಪಾಡಲಾರದು.

ಕೊಳ್ಳುವವನು ಇದನ್ನು ತಿಳಿಯುವ ಉಪಾಯ ಕಠಿಣವಲ್ಲ. ಗಾಲೀಚೆಯನ್ನು ಮಗುಚಿ ಬೆನ್ನು ನೋಡಬೇಕು. ಕೈಗಂಟಿನದಾದರೆ ಮುಂಬದಿಯ ಚಿತ್ತಾರವೆಲ್ಲ ಬೆನ್ನಿನಲ್ಲಿಯೂ ಸ್ಪಷ್ಟವಾಗಿ ಕಾಣುತ್ತದೆ, ಸಾಲುಗಳಲ್ಲಿ ಅಲ್ಲಲ್ಲಿ ಸಣ್ಣ ಏರಿಳಿತವಿರುತ್ತದೆ. ಬೆನ್ನಿಗೆ ಬಟ್ಟೆ ಅಂಟಿಸಿದ್ದರೆ ಅದು ಗಂಟಿನದಲ್ಲ. ತುದಿಯ ಜಾಲರು ಹಾಸಿನ ನೂಲಿನ ಮುಂದುವರಿಕೆಯೇ ಆಗಿರಬೇಕು. ಬೇರೆ ತಂದು ಹೊಲಿದದ್ದಾದರೆ ಅನುಮಾನಿಸಬೇಕು. ಒಂದೆರಡು ಎಳೆ ಕಿತ್ತು ಸುಟ್ಟರೆ ಉಣ್ಣೆ ಕೂದಲಿನಂತೆ ನಾರುತ್ತದೆ, ಹತ್ತಿ ಕಾಗದದಂತೆ ಉರಿಯುತ್ತದೆ, ಪ್ಲಾಸ್ಟಿಕ್ಕಿನ ನೂಲು ಕರಗಿ ಮಣಿಯಾಗುತ್ತದೆ. ಒದ್ದೆಯ ಬಿಳಿ ಅರಿವೆಯಿಂದ ಉಜ್ಜಿದರೆ ಬಣ್ಣ ನಿಲ್ಲುವುದೋ ಇಲ್ಲವೋ ಗೊತ್ತಾಗುತ್ತದೆ. ಇಷ್ಟನ್ನು ಪರೀಕ್ಷಿಸಿದರೆ ಮಾರುವವನಿಗೆ ಅವಮಾನವಾಗುವುದೆಂದು ಸಂಕೋಚಪಡಬೇಕಾಗಿಲ್ಲ. ಬಂಗಾರವನ್ನು ಒರೆಗಲ್ಲಿಗೆ ಹಚ್ಚಿದರೆ ಯಾವ ಪ್ರಾಮಾಣಿಕ ಸರಾಫನೂ ಮುನಿಯುವುದಿಲ್ಲ.

ಎರಡನೆಯದು ಹೀನಾಧಿಕಮಾನೋನ್ಮಾನ, ಅಂದರೆ ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಅಳೆಯುವುದು. ಗಾಲೀಚೆಯ ಅಳತೆ ಅಡಿ ಅಂಗುಲದಲ್ಲಿ ಮುಗಿಯುವುದಿಲ್ಲ; ಒಂದು ಚದರ ಅಂಗುಲದಲ್ಲಿ ಗಂಟುಗಳೆಷ್ಟು ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಬೆನ್ನಿನ ಮೇಲೆ ಅಳತೆಪಟ್ಟಿ ಇಟ್ಟು ಅಡ್ಡಕ್ಕೆ ಒಂದು ಅಂಗುಲದಲ್ಲಿ 14, ಉದ್ದಕ್ಕೆ 14 ಗಂಟುಗಳಿದ್ದರೆ ಅದು 196ರ ಗಾಲೀಚೆ. ಅದನ್ನೇ 300ರದೆಂದು ಹೇಳಿ ಮಾರಿದರೆ ತಕ್ಕಡಿಯ ತಟ್ಟೆಯ ಕೆಳಗೆ ಮೇಣ ಹಚ್ಚಿದ ಹಾಗೆಯೇ. ಜಾಲರನ್ನೂ ಸೇರಿಸಿ ಉದ್ದ ಅಳೆಯುವುದೂ ಅದೇ ಜಾತಿಯದು.

ವಿರುದ್ಧರಾಜ್ಯಾತಿಕ್ರಮ ಎಂಬ ಅತಿಚಾರವೂ ಇಲ್ಲಿಗೆ ಸಂಬಂಧಿಸಿದೆ. ರಾಜ್ಯದ ನ್ಯಾಯವಾದ ಕಟ್ಟಳೆಯನ್ನು ಲಾಭಕ್ಕಾಗಿ ಮೀರುವುದೇ ಇದರ ಅರ್ಥ. ಕೈಮಗ್ಗದವರ ಅನ್ನವನ್ನು ಕಾಯಲು 1985ರಲ್ಲಿ ಕೇಂದ್ರ ಸರಕಾರ ಕೆಲವು ವಸ್ತುಗಳ ತಯಾರಿಕೆಯನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ ಮಾಡಿತು. ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ಅದನ್ನು ಎತ್ತಿಹಿಡಿಯಿತು. 1996ರಲ್ಲಿ ಮೀಸಲು ವಸ್ತುಗಳ ಸಂಖ್ಯೆ ಹನ್ನೊಂದಕ್ಕೆ ಇಳಿದಾಗಲೂ ಜಮಖಾನೆ ಆ ಪಟ್ಟಿಯಲ್ಲಿ ಉಳಿಯಿತು. ರಬಕವಿ-ಬನಹಟ್ಟಿಯಲ್ಲಿ ಕೈಮಗ್ಗವೂ ಇದೆ, ವಿದ್ಯುನ್ಮಗ್ಗವೂ ಇದೆ. ಎರಡರಲ್ಲಿಯೂ ದುಡಿಯುವವರು ನಮ್ಮವರೇ. ವಿದ್ಯುನ್ಮಗ್ಗದ ಸರಕನ್ನು ವಿದ್ಯುನ್ಮಗ್ಗದ್ದೆಂದೇ ಹೇಳಿ ಅದರ ಬೆಲೆಗೆ ಮಾರುವುದರಲ್ಲಿ ದೋಷವೇನೂ ಇಲ್ಲ, ಕೈ ಗಿಡ್ಡದಾದ ಮನೆಯವರು ಅದನ್ನು ಕೊಳ್ಳುವುದರಲ್ಲಿಯೂ ಇಲ್ಲ. ಕಾಯಿದೆ ಮೀಸಲಿಟ್ಟದ್ದನ್ನು ಯಂತ್ರದಲ್ಲಿ ತೆಗೆದು ಕೈಮಗ್ಗದ ಹೆಸರಿನಲ್ಲಿ ಮಾರಿದಾಗ ಮಾತ್ರ ಎರಡು ಅತಿಚಾರಗಳು ಒಂದೇ ಗಂಟಿನಲ್ಲಿ ಬರುತ್ತವೆ. ಗ್ರಾಹಕನಿಗೆ ಗುರುತು ಸಿಗಲೆಂದು 2006ರಿಂದ ಕೈಮಗ್ಗದ ಮುದ್ರೆಯ ಚೀಟಿ ಬಳಕೆಯಲ್ಲಿದೆ. ಅದನ್ನು ಕೇಳಿ ಪಡೆಯಬೇಕು.

ಇಲ್ಲಿಯವರೆಗೆ ಹೇಳಿದ್ದು ಮಾರುವವನಿಂದ ಕೊಳ್ಳುವವನು ಮೋಸಹೋಗದಿರುವ ಮಾತಾಯಿತು. ಕೊಳ್ಳುವವನಿಂದಲೇ ಆಗುವ ದೋಷ ಇದಕ್ಕಿಂತ ಸೂಕ್ಷ್ಮವಾದುದು. ಅದನ್ನು ತಿಳಿಯಲು ಒಂದು ಚಿಕ್ಕ ಲೆಕ್ಕ ಮಾಡೋಣ. ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಗಾಲೀಚೆ ಎಂದರೆ 24 ಚದರ ಅಡಿ, ಅಂದರೆ 3,456 ಚದರ ಅಂಗುಲ. ಅಂಗುಲಕ್ಕೆ 200 ಗಂಟುಗಳೆಂದರೆ ಒಟ್ಟು 6,91,200 ಗಂಟುಗಳು. ನುರಿತ ನೇಕಾರನೊಬ್ಬನು ದಿನಕ್ಕೆ 8,000 ಗಂಟು ಹಾಕುವನೆಂದು ಹಿಡಿದರೂ ಅದು ಮುಗಿಯಲು 86 ದಿನ ಬೇಕು. ಅಂಥ ಗಾಲೀಚೆಯನ್ನು ಯಾರಾದರೂ 12,000 ರೂಪಾಯಿಗೆ ಕೊಡುತ್ತೇನೆಂದರೆ ದಿನಕ್ಕೆ ಬೀಳುವುದು 140 ರೂಪಾಯಿಯೂ ಇಲ್ಲ. ಅದರಲ್ಲಿಯೇ ನೂಲು, ಬಣ್ಣ, ತೊಳೆತ, ಸಾಗಾಣಿಕೆ, ದಲಾಲಿ, ಅಂಗಡಿಯ ಬಾಡಿಗೆ, ಅಂಗಡಿಕಾರನ ಲಾಭ ಎಲ್ಲವೂ ಹೋಗಬೇಕು. ಉಳಿಯುವುದೇನು? ಆದುದರಿಂದ ಅಂಥ ಬೆಲೆಗೆ ಮೂರೇ ಅರ್ಥಗಳು ಸಾಧ್ಯ. ಅದು ಕೈಗಂಟಿನದಲ್ಲ, ಅಥವಾ ಗಂಟುಗಳು ಹೇಳಿದಷ್ಟಿಲ್ಲ, ಅಥವಾ ನೇಯ್ದವನಿಗೆ ಹೊಟ್ಟೆ ತುಂಬುವ ಕೂಲಿ ಸಿಕ್ಕಿಲ್ಲ. ಮೊದಲೆರಡು ನಿಜವಾದರೆ ನಮಗೆ ನಷ್ಟ. ಮೂರನೆಯದು ನಿಜವಾದರೆ ನಮಗೆ ಲಾಭವೆಂದು ತೋರುತ್ತದೆ. ಶ್ರಾವಕನು ಅಂಜಬೇಕಾದುದು ಈ ಲಾಭಕ್ಕೆ.

ಏಕೆಂದರೆ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ ಎಂಬ ಎರಡಿವೆ. ಶಕ್ತಿ ಮೀರಿ ಭಾರ ಹೇರುವುದು ಒಂದು, ಆಶ್ರಿತರಿಗೆ ಅನ್ನ ನೀರು ತಪ್ಪಿಸುವುದು ಇನ್ನೊಂದು. ಎತ್ತಿನ ಬಂಡಿಯ ಕಾಲದ ಈ ಮಾತುಗಳನ್ನು ನಾವು ದನಕರುಗಳಿಗಷ್ಟೇ ಸೀಮಿತಗೊಳಿಸಿದ್ದೇವೆ. ಹನ್ನೆರಡು ತಾಸು ಮಗ್ಗದ ಮುಂದೆ ಕುಳಿತು ಬೆನ್ನು ಬಾಗಿದ ಮನುಷ್ಯನಿಗೆ ಅವು ಸಲ್ಲವೇ? ಗಾಲೀಚೆಯ ಉದ್ಯೋಗಕ್ಕೆ ಇನ್ನೂ ದೊಡ್ಡ ಕಳಂಕವೊಂದು ಅಂಟಿತ್ತು. ಎಳೆಯ ಬೆರಳುಗಳು ಸಣ್ಣ ಗಂಟನ್ನು ಬೇಗ ಹಾಕುತ್ತವೆಂಬ ನೆಪದಿಂದ ಮಕ್ಕಳನ್ನು ಮಗ್ಗಕ್ಕೆ ಕೂಡಿಸುತ್ತಿದ್ದರು. 1986ರ ಬಾಲಕಾರ್ಮಿಕ ಕಾಯಿದೆ ಮಕ್ಕಳನ್ನು ಹಚ್ಚಬಾರದ ಕೆಲಸಗಳ ಪಟ್ಟಿಯಲ್ಲಿ ಬೀಡಿ ಕಟ್ಟುವುದರೊಂದಿಗೆ ಗಾಲೀಚೆ ನೇಯ್ಗೆಯನ್ನೂ ಸೇರಿಸಿತು. 1994ರಲ್ಲಿ ಕೈಲಾಶ ಸತ್ಯಾರ್ಥಿಯವರ ಮುಂದಾಳುತನದಿಂದ, ಮಕ್ಕಳ ದುಡಿಮೆಯಿಲ್ಲದೆ ತಯಾರಾದ ಗಾಲೀಚೆಗಳಿಗೆ ರಗ್‌ಮಾರ್ಕ್ ಎಂಬ ಗುರುತಿನ ಚೀಟಿ ಬಂದಿತು; 2009ರಿಂದ ಅದಕ್ಕೆ ಗುಡ್‌ವೀವ್ ಎಂಬ ಹೆಸರಿದೆ. ಸತ್ಯಾರ್ಥಿಯವರಿಗೆ 2014ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ದೊರೆಯಿತು. 2016ರ ತಿದ್ದುಪಡಿಯಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗದಲ್ಲಿಯೂ ಕೂಲಿಗೆ ಇಡುವಂತಿಲ್ಲ. ಆ ಚೀಟಿಯನ್ನು ಹುಟ್ಟಿಸಿದ ಬಲ ಬಹುಮಟ್ಟಿಗೆ ಗಿರಾಕಿಯದು. ಜರ್ಮನಿಯಂಥ ದೂರದ ದೇಶಗಳ ಗಿರಾಕಿಗಳು “ಇದನ್ನು ನೇಯ್ದವರು ಯಾರು?” ಎಂದು ಕೇಳತೊಡಗಿದ ಮೇಲೆ ಅದು ಬಂದಿತು. ಇರುವೆಯನ್ನು ಕಂಡು ಕಾಲು ಎತ್ತಿಡುವ ನಾವು ಆ ಪ್ರಶ್ನೆಯನ್ನು ಅವರಿಗಿಂತ ಮೊದಲು ಕೇಳತಕ್ಕವರಾಗಿದ್ದೆವು.

ಇನ್ನು ದ್ರವ್ಯಶುದ್ಧಿಯ ವಿಚಾರ. ಕಾಶ್ಮೀರದ ರೇಷ್ಮೆಯ ಗಾಲೀಚೆ ಬೆಲೆಯಲ್ಲಿಯೂ ಚೆಲುವಿನಲ್ಲಿಯೂ ದೊಡ್ಡದು. ಆದರೆ ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರೇಳು ಕಿಲೋ ಗೂಡು ಬೇಕು. ಗೂಡುಗಳ ಎಣಿಕೆ ಸಾವಿರಗಳಲ್ಲಿ ಆಗುತ್ತದೆ, ಪ್ರತಿ ಗೂಡಿನೊಳಗಿನ ಜೀವವೂ ಬಿಸಿಯಲ್ಲಿ ಸಾಯುತ್ತದೆ. ಉಡುವುದಕ್ಕೇ ರೇಷ್ಮೆ ಬೇಡವೆಂದು ಬಿಟ್ಟವರು ನಮ್ಮಲ್ಲಿ ಅನೇಕರಿರುವಾಗ ತುಳಿಯುವುದಕ್ಕೆ ಅದನ್ನು ತರುವುದು ಹೇಗೆ? ಉಣ್ಣೆಯ ಮಾತು ಇಷ್ಟು ಸರಳವಲ್ಲ. ಜೀವಂತ ಕುರಿಯ ಮೈಯಿಂದ ಕತ್ತರಿಸಿದ ಉಣ್ಣೆಯೂ ಉಂಟು, ಕಡಿದ ಕುರಿಯ ತೊಗಲಿನಿಂದ ಸುಣ್ಣ ಹಚ್ಚಿ ಕಿತ್ತ ಉಣ್ಣೆಯೂ ಉಂಟು. ಎರಡನೆಯದು ಅಗ್ಗ, ಕಳೆಗುಂದಿದ್ದು, ಬೇಗ ಉದುರುವಂಥದ್ದು. ಕಸಾಯಿಖಾನೆಯ ಲೆಕ್ಕದಲ್ಲಿ ಅದೂ ಒಂದು ಆದಾಯ. ಬಣ್ಣದಲ್ಲಿಯೂ ಭೇದವಿದೆ. ಮಂಜಿಷ್ಠದ ಬೇರು, ನೀಲಿಯ ಗಿಡ, ದಾಳಿಂಬೆಯ ಸಿಪ್ಪೆ ಸಸ್ಯಮೂಲದವು. ಅರಗು ಮತ್ತು ಕೊಚಿನೀಲಿನ ಕೆಂಪು ಕೀಟಮೂಲದವು. “ನೈಸರ್ಗಿಕ ಬಣ್ಣ” ಎಂಬ ಒಂದು ಮಾತಿನಲ್ಲಿ ಎರಡೂ ಅಡಗಿರುತ್ತವೆ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನು ಬಿಡತಕ್ಕ ಹದಿನೈದು ಖರಕರ್ಮಗಳನ್ನು ಹೇಳುವಾಗ ಅರಗಿನ ವ್ಯಾಪಾರವನ್ನೂ ಸೇರಿಸಿದ್ದಾರೆಂಬುದನ್ನು ಇಲ್ಲಿ ಸ್ಮರಿಸಬೇಕು. ಹತ್ತಿಯೂ ಸಂಪೂರ್ಣ ನಿರ್ದೋಷವೆಂದು ನಾನು ಹೇಳುವುದಿಲ್ಲ. ಒಕ್ಕಲುತನದಲ್ಲಿ ಆರಂಭೀ ಹಿಂಸೆ ಇದ್ದೇ ಇದೆ. ಆದರೆ ಗೃಹಸ್ಥನಿಗೆ ಹೇಳಿರುವುದು ಹೆಚ್ಚಿನ ಹಿಂಸೆಯನ್ನು ಬಿಟ್ಟು ಕಡಿಮೆಯದನ್ನು ಹಿಡಿಯುವ ಮಾರ್ಗ.

ಕೊಂಡ ಮೇಲೆ ಕಾಯುವುದೂ ಒಂದು ವ್ರತವೇ. ಪ್ರೋಷಧೋಪವಾಸದ ಅತಿಚಾರಗಳಲ್ಲಿ, ಕಣ್ಣಿನಿಂದ ನೋಡದೆ, ಮೃದುವಾದ ಸಾಧನದಿಂದ ಒರೆಸದೆ ಸಂಸ್ತರವನ್ನು ಹಾಸುವುದು ದೋಷವೆಂದು ಹೇಳಿದೆ. ಸಂಸ್ತರವೆಂದರೆ ಹಾಸು. ನಮ್ಮ ಶಾಸ್ತ್ರವು ನೆಲಹಾಸಿನ ವಿಷಯದಲ್ಲಿ ಇಷ್ಟು ನೇರವಾಗಿ ಮಾತನಾಡಿರುವುದನ್ನು ನಾವು ಮರೆತಿದ್ದೇವೆ. ದಪ್ಪ ರೋಮದ ಉಣ್ಣೆಯ ಗಾಲೀಚೆಯೊಳಗೆ ಧೂಳು, ನುಸಿ, ಕೀಟಗಳು ಸೇರಿಕೊಂಡರೆ ಕಣ್ಣಿಗೆ ಕಾಣುವುದಿಲ್ಲ. ಕಡೆಗೆ ಔಷಧಿ ಸಿಂಪಡಿಸಿ ಅವನ್ನು ಕೊಲ್ಲುವುದೊಂದೇ ದಾರಿಯೆಂದು ತೋರುತ್ತದೆ. ರೋಮವಿಲ್ಲದೆ ಚಪ್ಪಟೆಯಾಗಿ ನೇಯ್ದ ಹತ್ತಿಯ ಜಮಖಾನೆಯನ್ನಾದರೋ ಇಬ್ಬರು ಎತ್ತಿ ಮೆಲ್ಲಗೆ ಝಾಡಿಸಬಹುದು, ಬಿಸಿಲಿಗೆ ಹರವಬಹುದು, ಎರಡೂ ಮಗ್ಗುಲನ್ನು ನೋಡಿ ಹಾಸಬಹುದು. ಮಳೆಗಾಲದ ಚಾತುರ್ಮಾಸ್ಯದಲ್ಲಿ ಸೂಕ್ಷ್ಮ ಜೀವಗಳು ಹೆಚ್ಚುವಾಗ ಈ ಅನುಕೂಲ ಸಣ್ಣದಲ್ಲ.

ಈ ಎಲ್ಲ ವಿಚಾರಗಳೂ ಒಂದೇ ಕಡೆ ಕೂಡಿಬಂದ ಪ್ರಸಂಗವೊಂದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಬಸದಿಯ ಟ್ರಸ್ಟಿನವರು ಪ್ರವಚನ ಮಂಟಪಕ್ಕೆ ಹಾಸು ಕೊಳ್ಳಲು ಸಭೆ ಕರೆದರು. ವ್ಯಾಪಾರ ಬಲ್ಲವನೆಂದು ನನ್ನನ್ನೂ ಕರೆಸಿದ್ದರು. ಹಿರಿಯ ಶ್ರಾವಕರೊಬ್ಬರು ತೀರಿಕೊಂಡ ಪತ್ನಿಯ ನೆನಪಿಗಾಗಿ ರೇಷ್ಮೆ ಬೆರೆತ ದೊಡ್ಡ ಗಾಲೀಚೆಯೊಂದನ್ನು ವೇದಿಕೆಯ ಮುಂದೆ ಹಾಸಲು ಕೊಡಬಯಸಿದ್ದರು. ಅಂಚಿನಲ್ಲಿ ಆಕೆಯ ಹೆಸರು, ನಡುವೆ ಮಂಗಲಕಲಶ ಬರಬೇಕೆಂದು ಅವರ ಅಪೇಕ್ಷೆ. ತರುಣ ಟ್ರಸ್ಟಿಗಳು ಯಂತ್ರದ ಗಾಲೀಚೆ ಸಾಕು, ಮೂರರಲ್ಲೊಂದು ಖರ್ಚಿನಲ್ಲಿ ಮಂಟಪ ತುಂಬುತ್ತದೆ ಎಂದರು. ಅವರ ಮಾತಿನಲ್ಲಿಯೂ ಸತ್ಯವಿತ್ತು, ಟ್ರಸ್ಟಿನ ಹಣ ಸಮಾಜದ ಹಣ.

ದಾನಿಯ ಮನಸ್ಸನ್ನು ನೋಯಿಸದೆ ರೇಷ್ಮೆಯನ್ನು ಬೇಡವೆನ್ನುವುದು ಕಷ್ಟದ ಕೆಲಸವಾಗಿತ್ತು. ಆಗ ವಯೋವೃದ್ಧ ಶ್ರಾವಿಕೆಯೊಬ್ಬರು, “ಅಣ್ಣಾ, ವೈನಿಯವರ ಹೆಸರಿನ ಮ್ಯಾಲ ನಾವು ಕಾಲಿಟ್ಟು ಹೆಂಗ ನಡೀಬೇಕು? ಕಲಶದ ಮ್ಯಾಲ ಹೆಂಗ ಕೂಡಬೇಕು?” ಎಂದು ಕೇಳಿದರು. ಸಭೆ ಮೌನವಾಯಿತು. ಮುನಿಗಳು ಕುಳ್ಳಿರುವುದು ಕಟ್ಟಿಗೆಯ ಚೌಕಿಯ ಮೇಲೆ. ಗಾಲೀಚೆ ಅವರಿಗೆ ಬೇಡ, ಅದು ನಮಗಾಗಿ. ನಾವು ಕುಳಿತು ಕೇಳುವುದಕ್ಕೆ ಹತ್ತಿಯ ಜಮಖಾನೆ ಸಾಲದೇ ಎಂಬ ಮಾತು ತಾನಾಗಿಯೇ ಎದ್ದಿತು. ದಾನಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದೇ ಮೊತ್ತವನ್ನು ನವಲಗುಂದದ ಜಮಖಾನೆಗಳಿಗೆ ಕೊಡಲು ಒಪ್ಪಿದರು. ಪತ್ನಿಯ ಹೆಸರು ಟ್ರಸ್ಟಿನ ದಾನಪುಸ್ತಕದಲ್ಲಿ ಬರೆಯಲ್ಪಟ್ಟಿತು.

ಇನ್ನೊಂದು ಆಕ್ಷೇಪಣೆಯೂ ಬಂದಿತ್ತು. ಜಮಖಾನೆ ನೇಯುವವರು ಮುಸಲ್ಮಾನ ಹೆಣ್ಣುಮಕ್ಕಳು, ನಮಾಜಿನ ಜಾನಮಾಜನ್ನೂ ಅವರೇ ನೇಯುತ್ತಾರೆ, ಬಸದಿಗೆ ಅದು ತಕ್ಕುದೇ ಎಂದು ಒಬ್ಬಿಬ್ಬರು ಮೆಲುದನಿಯಲ್ಲಿ ಕೇಳಿದರು. ಅವರಿಗೆ ಅಧ್ಯಕ್ಷರು ಕೊಟ್ಟ ಉತ್ತರ ನನಗೆ ಸಮಂಜಸವೆನಿಸಿತು. ಆ ಕೈಗಳು ಜಾನಮಾಜನ್ನು ನೇಯ್ದ ಮಗ್ಗದಲ್ಲಿಯೇ ನವಿಲನ್ನೂ ಪಗಡೆಯ ಪಟವನ್ನೂ ತುಳಸಿಕಟ್ಟೆಯನ್ನೂ ನೇಯುತ್ತ ಬಂದಿವೆ. ಪ್ರಾಣಿಹಿಂಸೆಯಿಲ್ಲದ ಹತ್ತಿ, ಮೋಸವಿಲ್ಲದ ಕೆಲಸ, ಇವೆರಡನ್ನು ನೋಡಿ ನಾವು ಶುದ್ಧಿಯನ್ನು ನಿರ್ಣಯಿಸಬೇಕೇ ಹೊರತು ನೇಯ್ದವರ ಮತವನ್ನು ನೋಡಿ ಅಲ್ಲ ಎಂದರು. ಅನೇಕಾಂತವನ್ನು ವೇದಿಕೆಯ ಮೇಲೆ ಸಾರುವವರು ವೇದಿಕೆಯ ಕೆಳಗಿನ ಹಾಸಿನಲ್ಲಿ ಅದನ್ನು ಮರೆಯಬಾರದು.

ನಾವು ನಾಲ್ವರು ನವಲಗುಂದಕ್ಕೆ ಹೋದೆವು. ಈ ಕೆಲಸ ಉಳಿದಿರುವುದು ಈಗ ಕೆಲವೇ ಮನೆಗಳಲ್ಲಿ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಇಬ್ಬರು ಹೆಂಗಸರು ಪಕ್ಕಪಕ್ಕ ಕುಳಿತು, ಬಣ್ಣದ ನೂಲನ್ನು ಹಾಸಿನಲ್ಲಿ ತೂರಿಸಿ ಕಬ್ಬಿಣದ ಪಂಜದಿಂದ ಬಡಿಯುತ್ತಿದ್ದರು. ಬಡಿದಂತೆಲ್ಲ ಹಾಸಿನ ನೂಲು ಮುಚ್ಚಿಹೋಗಿ ಚಿತ್ತಾರ ಎರಡೂ ಬದಿಗೆ ಒಂದೇ ತೆರನಾಗಿ ಏಳುತ್ತದೆ. ನಮ್ಮ ಜೊತೆಗಿದ್ದ ಟ್ರಸ್ಟಿಯೊಬ್ಬರು ಪೇಟೆಯ ಅಭ್ಯಾಸದಂತೆ, “ಅಕ್ಕಾರ, ಒಂದಲ್ಲ ಎರಡಲ್ಲ, ಇಷ್ಟೊಂದು ತೊಗೋತೇವಿ. ಕಡಿಮಿ ಮಾಡ್ರಿ,” ಎಂದರು. ಹಿರಿಯಾಕೆ ಪಂಜವನ್ನು ಕೆಳಗಿಟ್ಟು, “ಹೆಚ್ಚು ತೊಗೊಂಡ್ರ ನಮಗ ಕೆಲಸ ಹೆಚ್ಚಾಗ್ತದ್ರಿ ಯಜಮಾನ್ರ, ಕಡಿಮಿ ಹೆಂಗ ಆಗ್ತದ? ಮೊದಲನೇದಕ್ಕ ಎಷ್ಟು ದಿನ ಕೂತೇವೋ ಹತ್ತನೇದಕ್ಕೂ ಅಷ್ಟ ದಿನ ಕೂಡಬೇಕ್ರಿ,” ಎಂದರು.

ವಾಣಿಜ್ಯಶಾಸ್ತ್ರ ಓದಿದವನಿಗೆ ಇದು ಅರಿಯದ ಮಾತಲ್ಲ. ಕಾರಖಾನೆಯಲ್ಲಿ ಉತ್ಪಾದನೆ ಹೆಚ್ಚಿದಂತೆ ಒಂದೊಂದರ ಮೇಲಿನ ಖರ್ಚು ಇಳಿಯುತ್ತದೆ. ಆ ಇಳಿತದಲ್ಲಿ ಗಿರಾಕಿ ತನ್ನ ಪಾಲು ಕೇಳುವುದು ನ್ಯಾಯ. ಕೈಕೆಲಸದಲ್ಲಿ ಖರ್ಚು ಇಳಿಯುವುದಿಲ್ಲ. ಅಲ್ಲಿ ಸಗಟು ವಜಾ ಕೇಳಿದರೆ ಅದು ನೇರವಾಗಿ ನೇಯುವವಳ ಕೂಲಿಯಿಂದ ಬರುತ್ತದೆ. ಅಂಗಡಿಕಾರನೊಡನೆ ಅವನ ಲಾಭದ ವಿಷಯದಲ್ಲಿ ಚೌಕಾಸಿ ಮಾಡುವುದು ಬೇರೆ, ಮಗ್ಗದ ಮುಂದೆ ನಿಂತು ಕೂಲಿಯ ವಿಷಯದಲ್ಲಿ ಚೌಕಾಸಿ ಮಾಡುವುದು ಬೇರೆ. ಕೊಳ್ಳುವ ಶ್ರಾವಕನು ತಿಳಿಯಬೇಕಾದ ವಿವೇಕವೆಲ್ಲ ಈ ಭೇದದಲ್ಲಿಯೇ ಇದೆಯೆಂದು ನನ್ನ ಮತ. ಕೇಳಿದ ಬೆಲೆಗೇ ಒಪ್ಪಿ, ನೂಲಿಗಾಗಿ ಅವರು ಬಡ್ಡಿಸಾಲ ಮಾಡದಂತೆ ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟೆವು. ಒಂದೇ ವರ್ಷದಲ್ಲಿ ಮಂಟಪ ತುಂಬಬೇಕೆಂಬ ಆತುರವನ್ನು ಬಿಟ್ಟು, ಮೂರು ವರ್ಷಗಳಲ್ಲಿ ವರ್ಷಕ್ಕೆ ಕೆಲವಂತೆ ಪಡೆಯುವುದೆಂದು ನಿಶ್ಚಯವಾಯಿತು. ಮೊದಲನೆಯ ವರ್ಷದ ಚಾತುರ್ಮಾಸ್ಯದಲ್ಲಿ ಅರ್ಧ ಮಂಟಪಕ್ಕೆ ಹೊಸ ಜಮಖಾನೆ, ಉಳಿದರ್ಧಕ್ಕೆ ಹಳೆಯ ಸತರಂಜಿ. ಇದರಿಂದ ಪ್ರವಚನ ಕೇಳುವವರಿಗೆ ಯಾವ ಕೊರತೆಯೂ ಆಗಲಿಲ್ಲ.

ಕಡೆಯದಾಗಿ ಪರಿಗ್ರಹದ ಮಾತು. ಪರಿಗ್ರಹ ಪರಿಮಾಣದಲ್ಲಿ ಹೊಲ, ಮನೆ, ಬೆಳ್ಳಿ, ಬಂಗಾರಗಳ ಜೊತೆಗೆ ಕುಪ್ಯವೆಂಬುದನ್ನು ಹೇಳಿದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಹತ್ತಿ, ರೇಷ್ಮೆ ಮೊದಲಾದ ವಸ್ತ್ರಗಳನ್ನು ಅದರಲ್ಲಿ ಎಣಿಸಿದ್ದಾರೆ. ಆದುದರಿಂದ ನೆಲಹಾಸಿಗೂ ಮಿತಿ ಬೇಕು. ನ್ಯಾಯವಾದ ಬೆಲೆ ಕೊಟ್ಟು ಕೊಂಡ ಮಾತ್ರಕ್ಕೆ ನಾಲ್ಕು ಕೋಣೆಗೆ ನಾಲ್ಕು ಗಾಲೀಚೆ ಧರ್ಮವಾಗಲಾರದು. ಹಳ್ಳಿಯ ಮನೆಗಳಿಂದ, ಮಠ ಮಸೀದಿಗಳಿಂದ ಹೊರಬಂದ ಹಳೆಯ ಗಾಲೀಚೆಗಳನ್ನು ಪುರಾತನ ವಸ್ತುವೆಂದು ಮಾರುವವರೂ ಇದ್ದಾರೆ. ಅದು ಹೇಗೆ ಹೊರಬಂದಿತೆಂದು ಹೇಳಲಾರದವನಿಂದ ಕೊಂಡರೆ ಕದ್ದ ಮಾಲನ್ನು ಸ್ವೀಕರಿಸುವ ತದಾಹೃತಾದಾನದ ದೋಷ ತಟ್ಟಬಹುದು. ಮಿತಿಯೊಳಗೆ ಒಂದೇ ಕೊಳ್ಳುವವನಿಗೆ ಅದಕ್ಕೆ ಪೂರ್ಣ ಬೆಲೆ ಕೊಡುವ ಶಕ್ತಿ ಇರುತ್ತದೆ. ಬಹಳ ಕೊಳ್ಳಬೇಕೆನ್ನುವವನೇ ಅಗ್ಗವನ್ನು ಹುಡುಕುತ್ತಾನೆ. ಅಪರಿಗ್ರಹವೂ ಅಚೌರ್ಯವೂ ಹೀಗೆ ಒಂದನ್ನೊಂದು ಕಾಯುತ್ತವೆ.

ತೇರದಾಳದ ನೇಮಿನಾಥ ಜಿನಾಲಯವನ್ನು ಕಟ್ಟಿಸಿದವನು ಮಾಂಡಲಿಕ ಗೊಂಕ, 1123ರಲ್ಲಿ. ಅಲ್ಲಿಯ ಶಾಸನದಲ್ಲಿ ಅಯ್ಯಾವೊಳೆಯ ವರ್ತಕರೂ ಬಸದಿಗೆ ದತ್ತಿ ಬಿಟ್ಟ ವಿಷಯವಿದೆ. ವ್ಯಾಪಾರದ ಗಳಿಕೆಯಿಂದ ಬಸದಿಗಳು ಬೆಳೆದದ್ದು ನಮ್ಮ ಭಾಗದ ಹಳೆಯ ಸಂಪ್ರದಾಯ. ಆ ಗಳಿಕೆ ಶುದ್ಧವಾಗಿರಬೇಕೆಂದು ನಾವು ದಾನಿಗಳಿಗೆ ಹೇಳುತ್ತೇವೆ. ಬಸದಿಯ ಖರ್ಚೂ ಅಷ್ಟೇ ಶುದ್ಧವಾಗಿರಬೇಕೆಂದು ಟ್ರಸ್ಟುಗಳು ತಮಗೆ ತಾವು ಹೇಳಿಕೊಳ್ಳಬೇಕು. ಅದಕ್ಕಾಗಿ ನನ್ನದೊಂದು ಸೂಚನೆ. ಹಾಸು ಕೊಳ್ಳುವ ಠರಾವಿನಲ್ಲಿ ಮೊತ್ತದ ಜೊತೆಗೆ ನಾಲ್ಕು ಸಂಗತಿಗಳನ್ನು ಬರೆಯಿರಿ: ಯಾವ ನೂಲು, ಎಲ್ಲಿಯ ಮಗ್ಗ, ಎಷ್ಟು ದಿನದ ಕೆಲಸ, ನೇಯ್ದವರಿಗೆ ಸಂದದ್ದೆಷ್ಟು. ಪೂಜ್ಯ ಚಿಹ್ನೆಗಳನ್ನೂ ಹೆಸರುಗಳನ್ನೂ ನೆಲಹಾಸಿನಲ್ಲಿ ನೇಯಿಸದಿರಿ. ಚಾತುರ್ಮಾಸ್ಯಕ್ಕೆ ಬೇಕಾದುದನ್ನು ದೀಪಾವಳಿಯ ಹೊತ್ತಿಗೇ ಹೇಳಿಡಿ, ನೇಯುವ ಕೈಗೆ ಅವಸರವಾಗದಿರಲಿ. ಮನೆಗೆ ಕೊಳ್ಳುವವರೂ ಕಿರ್ದಿಯಲ್ಲಿ ಖರ್ಚು ಬರೆಯುವ ಮುನ್ನ ಈ ನಾಲ್ಕನ್ನು ಕೇಳಿಕೊಳ್ಳಲಿ. ಉತ್ತರ ಸಿಗದ ಗಾಲೀಚೆಯನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದರಿಂದ ಯಾರ ಪಡಸಾಲೆಯೂ ಬಡವಾಗುವುದಿಲ್ಲ.